ಬರುವ ಮೊದಲೇ ತುಂಬಿದ ಕಾರು

ಮಾಡಲು ಮನಸ್ಸಿಲ್ಲದ ಕೆಲಸವನ್ನು ಮುಂದೂಡಬೇಕಾದರೆ ಅದರ ಬಗ್ಗೆ ಅಧ್ಯಯನ ಶುರು ಮಾಡಬೇಕು. ಬೈಲಹೊಂಗಲದ ಕಾಲೇಜಿನಲ್ಲಿ ಇಷ್ಟು ವರ್ಷ ಸಂಖ್ಯಾಶಾಸ್ತ್ರ ಕಲಿಸಿ ನಾನು ಕಂಡುಕೊಂಡ ಸತ್ಯ ಇದೊಂದೇ. ನನ್ನ ಹೆಂಡತಿ ಕಾರು ಬೇಕೆಂದಳು. ರಾಮದುರ್ಗದಲ್ಲಿರುವ ಅವಳ ತಾಯಿಗೆ ಮೊಣಕಾಲು ನೋವು, ಬಸ್ಸಿನ ಮೆಟ್ಟಿಲು ಹತ್ತಲಾಗದು. ಎಲ್ಲಮ್ಮನ ಗುಡ್ಡಕ್ಕೆ ಹೋಗದೆ ಮೂರು ವರ್ಷವಾಗಿದೆ. "ಈ ಹುಣ್ಣಿಮಿಗರೆ ಅವ್ವನ್ನ ಕರಕೊಂಡ ಹೋಗೂಣ್ರಿ," ಎಂದಳು. ಸ್ಕೂಟರ್ ತಿರುಗಿಸುವಾಗಲೇ ಎದೆ ಡವಡವ ಎನ್ನುವ ಗಂಡಸು ನಾನು. ಅದನ್ನು ಹೇಳಿಕೊಳ್ಳಲು ನಾಚಿಕೆಯಾಗಿ, "ಕಾರು ತಗೊಳ್ಳೂದಕ್ಕೂ ಒಂದು ಶಾಸ್ತ್ರ ಐತಿ, ಲೆಕ್ಕಾ ಹಾಕಿ ಹೇಳತೇನಿ," ಎಂದುಬಿಟ್ಟೆ.

ಶಾಸ್ತ್ರ ಸುಳ್ಳಲ್ಲ. ಸಂಬಳ, ಮನೆಯ ಮಂದಿ, ಬಸ್ ಸ್ಟ್ಯಾಂಡಿನ ದೂರ, ಹೀಗೆ ಒಂದೊಂದಕ್ಕೂ ಒಂದು ತೂಕ ಕೊಟ್ಟು ಕೂಡಿಸಿದರೆ ಸೊನ್ನೆಗೂ ಒಂದಕ್ಕೂ ನಡುವೆ ಉತ್ತರ ಬರುತ್ತದೆ. ಅರ್ಧ ದಾಟಿದರೆ ಕೊಳ್ಳಬೇಕು. ನನ್ನದು ಅರ್ಧಕ್ಕಿಂತ ಕೂದಲೆಳೆಯಷ್ಟು ಕೆಳಗೇ ನಿಂತಿತು. ನಿಲ್ಲುವಂತೆ ನಾನೇ ತೂಕ ಕೊಟ್ಟಿದ್ದೆ. ಹೆಂಡತಿ ಹಾಳೆ ನೋಡಿ, "ಓಣ್ಯಾಗಿನ ಮಂದಿ ಹತ್ತೂದನ್ನ ಲೆಕ್ಕದಾಗ ಹಿಡದೇ ಇಲ್ಲಲ್ರಿ," ಎಂದಳು. ಮಾತು ಖರೆ. ನಮ್ಮ ಓಣಿಯಲ್ಲಿ ಕಾರಿನ ಕಾಗದ ಒಬ್ಬರ ಹೆಸರಿನಲ್ಲಿದ್ದರೂ ಸೀಟು ಎಲ್ಲರದು. ಶಾಸ್ತ್ರಕ್ಕೆ ಮೋಸವಾಗಬಾರದೆಂದು ಮನೆ ಮನೆಗೆ ಹೋಗಿ ಕೇಳಿದೆ: ನಮ್ಮಲ್ಲಿ ಕಾರು ಬಂದರೆ ನೀವು ತಿಂಗಳಿಗೆ ಎಷ್ಟು ಸಲ ಹತ್ತುತ್ತೀರಿ?

ಹಾಗೆ ಕೇಳಬಾರದಿತ್ತು. ಪಕ್ಕದ ಮನೆಯ ನೀಲವ್ವ, "ತಿಂಗಳದ ಮಾತ ಯಾಕ್ರಿ ಸರ, ಈ ಹುಣ್ಣಿಮಿಗೇ ಗುಡ್ಡಕ್ಕ ಹೋಗೂಣು. ಮುಂದಿನ ಸೀಟು ನನಗ ಬರ್ಕೊರಿ, ಹಿಂದ ಕುಂತ್ರ ವಾಂತಿ ಆಗತೈತಿ," ಎಂದಳು. ನಾನು ಬರೆದುಕೊಂಡೆ. ಸಂಜೆಯೊಳಗೆ ಸೀಟೆಲ್ಲ ಭರ್ತಿ. ಎದುರು ಮನೆಯ ಬಸಪ್ಪ ಕಾಕಾ ನಮ್ಮ ಗೋಡೆಯ ಬದಿ ಕಟ್ಟುತ್ತಿದ್ದ ಎಮ್ಮೆಯನ್ನು ಬಿಚ್ಚಿ ಹಿತ್ತಲಿಗೆ ಒಯ್ದ. "ಗಾಡಿ ನಿಂದ್ರಸಾಕ ಜಾಗಾ ಬೇಕಲ್ರಿ," ಎಂದ. ಯಾರೋ ಗಾಲಿಯಡಿ ಇಡಲು ನಿಂಬೆಹಣ್ಣು ತಂದುಕೊಟ್ಟರು. ಕಾರು ಕೊಂಡೇ ಇಲ್ಲವೆಂದರೆ, "ಸರ ಭಾಳ ಸಾದಾ ಮನಶಾರು, ದೊಡ್ಡಸ್ತನ ತೋರಸೂದಿಲ್ಲ," ಎಂದು ಇನ್ನಷ್ಟು ಹೊಗಳಿದರು. ಸುದ್ದಿ ರಾಮದುರ್ಗ ಮುಟ್ಟಿ ಅತ್ತೆ ಹೊಸ ಸೀರೆಯನ್ನೂ ತೆಗೆದಿಟ್ಟರಂತೆ. ಅದನ್ನು ಕೇಳಿದ ಮೇಲೆ ನನಗೆ ನಿಜಕ್ಕೂ ಸಂಕಟವಾಯಿತು. ಆ ಮುದುಕಿಗೆ ಇಲ್ಲ ಎನ್ನುವ ಧೈರ್ಯ ನನಗಿರಲಿಲ್ಲ.

ಹುಣ್ಣಿಮೆಯ ಬೆಳಿಗ್ಗೆ ಬಾಡಿಗೆ ಕಾರು, ಡ್ರೈವರ್ ಸಮೇತ, ತರಿಸಿದೆ. ಓಣಿಯವರನ್ನು ಗುಡ್ಡದಲ್ಲಿ ಇಳಿಸಿ, ರಾಮದುರ್ಗಕ್ಕೆ ಹೋಗಿ ಅತ್ತೆಯನ್ನು ಕರೆತರುವುದೆಂದು ಠರಾಯಿಸಿದೆವು. ಎಲ್ಲರೂ ನನ್ನ ಹಾಳೆಯ ಪ್ರಕಾರ ಕೂತರು. ಹಾಳೆಯಲ್ಲಿ ನನ್ನ ಹೆಸರಿರಲಿಲ್ಲ. ಪ್ರಶ್ನೆ ಕೇಳುವವನನ್ನು ಯಾರೂ ಕೇಳುವುದಿಲ್ಲ. ಹೆಂಡತಿ ಕಿಟಕಿಯಿಂದ, "ನೀವು ಬಸ್ಸಿಗೆ ಬರ್ರಿ," ಎಂದಳು.

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಸವದತ್ತಿ ಹತ್ತಿರ ಅದು ಕೆಟ್ಟು ತಾಸುಗಟ್ಟಲೆ ನಿಂತು ಮತ್ತೆ ಹೊರಡುವಷ್ಟರಲ್ಲಿ ಅತ್ತೆಯ ಫೋನ್ ಬಂತು. ದರ್ಶನ ಮುಗಿಸಿದ್ದರು, ದನಿಯಲ್ಲಿ ಅಳುವೂ ನಗುವೂ ಇತ್ತು.

"ಅಳಿಯಾರ, ನಿಮ್ಮ ಕಾರು ಭಾಳ ಛಲೋ ಐತ್ರಿ. ಒಮ್ಮೆ ನೀವೂ ಕುಂತ ನೋಡ್ರಿ."

ಮೇಲಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡು, "ಆಗಲ್ರಿ," ಎಂದೆ.