‘ತಡವಾದ ಪ್ರಯಾಣಿಕ’ನ ಅಕ್ಕನಿಂದ ಒಡಂಬಡಿಕೆ ವಿಭಾಗದ ನಿರ್ದೇಶಕರಿಗೆ

ಮಾನ್ಯರೇ,

ವಿದೇಶಾಂಗ ಇಲಾಖೆಯ ಮೂರನೇ ಮಹಡಿಯಲ್ಲಿ ಒಡಂಬಡಿಕೆ ವಿಭಾಗದ ನಿರ್ದೇಶಕರಾಗಿ ವಿರಾಜಮಾನರಾಗಿರುವ ತಮಗೆ, ಅದೇ ಕಟ್ಟಡದ ಎದುರು ಕನ್ನಡಕದ ಅಂಗಡಿ ಇಟ್ಟುಕೊಂಡಿರುವ ನನ್ನ ನಮಸ್ಕಾರಗಳು. ತಮ್ಮ ಆರೋಗ್ಯ, ಸಹಿ ಹಾಕುವ ತಮ್ಮ ಬಲಗೈಯ ಆರೋಗ್ಯ, ಸಹಿಯ ಕೆಳಗೆ ಸಣ್ಣಕ್ಷರದಲ್ಲಿ ಷರತ್ತು ಸೇರಿಸುವ ತಮ್ಮ ಬುದ್ಧಿಯ ಆರೋಗ್ಯ ಎಲ್ಲವೂ ಸೊಗಸಾಗಿವೆಯೆಂದು ಭಾವಿಸಿ ಈ ಪತ್ರ ಬರೆಯುತ್ತಿದ್ದೇನೆ. ಖಾಸಗಿಯಾಗಿ ಬರೆದ ಪತ್ರಗಳಿಗೆಲ್ಲ ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಉತ್ತರ ಬಂದದ್ದರಿಂದ, ತಮ್ಮ ಜೊತೆ ಊರಿನವರೂ ಒಂದಿಷ್ಟು ಪರಿಶೀಲಿಸಲಿ ಎಂದು ಇದನ್ನು ಪತ್ರಿಕೆಗೆ ಕೊಟ್ಟಿದ್ದೇನೆ. ತಾವು ದೊಡ್ಡವರು, ತಪ್ಪು ತಿಳಿಯಬಾರದು.

ನನ್ನ ತಮ್ಮನನ್ನು ತಾವು ಮರೆತಿರಲಾರಿರಿ. ಅವನು ಸರ್ವೇಯರ್. ನಮ್ಮ ದೇಶವೂ ನೆರೆಯ ದೇಶವೂ ಸೇರಿ ಕಟ್ಟಲಿದ್ದ ಸೇತುವೆಗೆ ಜಾಗ ಅಳೆಯಲು ಒಂದು ಕಂಪನಿ ಅವನನ್ನು ಗುತ್ತಿಗೆಯ ಮೇಲೆ ಗಡಿಯಾಚೆಯ ಗುಡ್ಡಗಳಿಗೆ ಕಳಿಸಿತ್ತು. ಮೂರು ಕಾಲಿನ ಸ್ಟ್ಯಾಂಡು ನೆಟ್ಟು, ಒಂದು ಕಣ್ಣು ಮುಚ್ಚಿ ದುರ್ಬೀನಿನಲ್ಲಿ ನೋಡುತ್ತಿದ್ದವನಿಗೆ ಗುಡ್ಡದ ಬದಲು ಒಂದು ಮೀಸೆ ಕಾಣಿಸಿತಂತೆ. ಮೀಸೆಯ ಹಿಂದೆ ಒಬ್ಬ ಮನುಷ್ಯ, ಆ ಮನುಷ್ಯನ ಕೈಯಲ್ಲಿ ಬಂದೂಕು, ಅವನ ಹಿಂದೆ ಇನ್ನೂ ಐದಾರು ಜನ. ನಮ್ಮ ಜೈಲಿನಲ್ಲಿರುವ ಆ ಗುಂಪಿನ ಇಬ್ಬರು ಸಂಗಾತಿಗಳನ್ನು ಸರ್ಕಾರ ಬಿಡುವ ತನಕ ಇವನನ್ನು ಬಿಡುವುದಿಲ್ಲವೆಂದು ಹೇಳಿ ಅವನನ್ನು ಎಳೆದುಕೊಂಡು ಹೋದರು. ಓಡಿ ಹೋಗದಿರಲಿ ಎಂದು ಮೊದಲು ಮಾಡಿದ ಕೆಲಸ ಅವನ ಶೂ ಕಿತ್ತುಕೊಂಡದ್ದು. ಆ ನಾಯಕನನ್ನು ನಮ್ಮ ಮನೆಯಲ್ಲಿ ಈಗಲೂ ‘ಮೀಸೆ’ ಎಂದೇ ಕರೆಯುತ್ತೇವೆ, ಆದ್ದರಿಂದ ಈ ಪತ್ರದಲ್ಲೂ ಹಾಗೆಯೇ ಇರಲಿ.

ಅಳುತ್ತ ತಮ್ಮ ಕೊಠಡಿಗೆ ಬಂದ ನನಗೆ ತಾವು ಕುರ್ಚಿ ಕೊಟ್ಟು, ನೀರು ಕೊಟ್ಟು, “ಸಮಾಧಾನ ಮಾಡ್ಕೊಳ್ಳಿ ಮೇಡಂ, ಮುಂದಿನ ವಾರ ಒತ್ತೆಯಾಳು ವಿರೋಧಿ ಒಡಂಬಡಿಕೆಗೆ ಸೇರ್ತಿದ್ದೀವಿ. ಆಮೇಲೆ ನೋಡಿ ಮಜಾ” ಎಂದಿರಿ. ಒಬ್ಬನನ್ನು ಹಿಡಿದಿಟ್ಟು ಇನ್ನೊಬ್ಬರ ಜೊತೆ ಚೌಕಾಸಿ ಮಾಡುವವನು ಯಾವ ದೇಶದಲ್ಲಿ ಅಡಗಿದರೂ ಆ ದೇಶ ಅವನನ್ನು ಹಿಡಿದುಕೊಡಬೇಕು, ಇಲ್ಲವೇ ತಾನೇ ವಿಚಾರಣೆ ಮಾಡಬೇಕು, ಮೂರನೆಯ ದಾರಿಯಿಲ್ಲ, ನೆರೆಯ ದೇಶ ಆಗಲೇ ಸೇರಿಯಾಗಿದೆ ಎಂದು ವಿವರಿಸಿದಿರಿ. ನಾನು ಖುಷಿಗೆ ಲಿಫ್ಟನ್ನೂ ಮರೆತು ಮೆಟ್ಟಿಲಿಳಿದು ಬಂದೆ.

ತಾವು ಸಹಿ ಹಾಕಿದ್ದನ್ನು ಟಿವಿಯಲ್ಲಿ ನೋಡಿದೆ. ಅದೇ ಸುದ್ದಿಯನ್ನು ಗುಡ್ಡದ ಮೇಲೆ ಮೀಸೆಯೂ ರೇಡಿಯೋದಲ್ಲಿ ಕೇಳಿದ. ಇಲ್ಲಿಂದ ಮುಂದಿನದನ್ನು ನನ್ನ ತಮ್ಮನೇ ಹೇಳಿದ್ದು, ಹಾಗಾಗಿ ತಮ್ಮ ಗಮನಕ್ಕೆ ಬಂದಿರಲಿಕ್ಕಿಲ್ಲ. ಮೀಸೆ ಹೆದರಿಬಿಟ್ಟನಂತೆ! ರೇಡಿಯೋ ಆರಿಸಿ ನನ್ನ ತಮ್ಮನ ಪಕ್ಕ ಬಂದು ಕೂತು, “ಎಲ್ಲಿಗೆ ಹೋದ್ರೂ ಹಿಡೀತಾರಂತೆ, ಹೌದಾ?” ಎಂದು ಕೇಳಿದ. “ಹೌದು” ಎಂದ ನನ್ನ ತಮ್ಮ. ಮೀಸೆ ಒಳಗೆ ಹೋಗಿ ಶೂ ತಂದು ಮುಂದಿಟ್ಟು, “ಬೆಳಿಗ್ಗೆ ಹೊರಟುಬಿಡು ಮಾರಾಯ” ಎಂದ.

ಮಾನ್ಯರೇ, ತಮ್ಮ ಒಂದು ಸಹಿಗೆ ಅಷ್ಟು ಶಕ್ತಿಯಿತ್ತು. ಅದನ್ನು ಹೊಗಳಲು ನನಗೆ ಪದಗಳು ಸಾಲವು.

ಮರುದಿನ ಬೆಳಿಗ್ಗೆ ನನ್ನ ತಮ್ಮ ಒಂದು ಶೂ ಹಾಕಿ ಇನ್ನೊಂದಕ್ಕೆ ಕೈ ಚಾಚುವಾಗ ರೇಡಿಯೋದವರು ತಾವು ಸಹಿಯ ಕೆಳಗೆ ಸೇರಿಸಿದ್ದ ಷರತ್ತುಗಳನ್ನು ಓದಿದರು. ಈ ಒಡಂಬಡಿಕೆಯ ಬಗ್ಗೆ ಜಗಳ ಬಂದರೆ ನಮ್ಮನ್ನು ಯಾವ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೂ ಎಳೆಯುವಂತಿಲ್ಲ ಎಂಬುದು ಮೊದಲನೆಯದು. ಇರಲಿ, ಮೀಸೆಗೂ ನನ್ನ ತಮ್ಮನಿಗೂ ಅದರಿಂದ ಆಗಬೇಕಾದ್ದೇನೂ ಇರಲಿಲ್ಲ. ಸ್ವಂತ ಲಾಭಕ್ಕಾಗಿ ಹೊರದೇಶಕ್ಕೆ ಹೋದ, ಸರ್ಕಾರದ ಕಾಯಂ ನೌಕರನಲ್ಲದ ವ್ಯಕ್ತಿಯನ್ನು ಯಾರಾದರೂ ತಡೆದಿಟ್ಟರೆ ಅವನು ಒತ್ತೆಯಾಳಲ್ಲ, ಅವನನ್ನು ‘ತಡವಾದ ಪ್ರಯಾಣಿಕ’ ಎಂದು ಪರಿಗಣಿಸಲಾಗುವುದು ಎಂಬುದು ಎರಡನೆಯದು. ಮೀಸೆ ರೇಡಿಯೋದ ದನಿ ಜೋರು ಮಾಡಿದ.

“ನೀನು ಪರ್ಮನೆಂಟಾ?”

“ಇಲ್ಲ, ಗುತ್ತಿಗೆ.”

“ಹಾಗಾದ್ರೆ ಶೂ ಬಿಚ್ಚು.”

ಈ ಷರತ್ತನ್ನು ಹಿಡಿದು ನಾನು ಮತ್ತೆ ತಮ್ಮಲ್ಲಿಗೆ ಓಡಿ ಬಂದಾಗ, “ಷರತ್ತು ಎಲ್ಲಾ ದೇಶದವರೂ ಹಾಕ್ತಾರೆ ಮೇಡಂ, ಅದೇನು ನಿಮ್ಮ ತಮ್ಮನ ಮೇಲೆ ಹಾಕಿದ್ದಲ್ಲ” ಎಂದು ತಾವು ನಕ್ಕಿರಿ. ಬೇಡವೆನಿಸಿದ ದಿನ ಒಂದು ಸಾಲು ಬರೆದು ಷರತ್ತನ್ನು ಹಿಂತೆಗೆದುಕೊಳ್ಳಬಹುದು ಎಂದೂ ಹೇಳಿದಿರಿ. ಆ ಸಾಲು ಯಾವಾಗ ಬರೆಯುತ್ತೀರಿ ಎಂದು ಕೇಳುವಷ್ಟರಲ್ಲಿ ತಮಗೆ ಮೀಟಿಂಗ್ ಇತ್ತು. ಅಂದಿನಿಂದ ನಾನು ಈ ವಿದ್ಯೆಯ ಅಭಿಮಾನಿಯಾಗಿಬಿಟ್ಟಿದ್ದೇನೆ. ಸೇರಿದಂತೆಯೂ ಆಗಬೇಕು, ಸೇರದಂತೆಯೂ ಇರಬೇಕು! ನನ್ನ ಅಂಗಡಿಯಲ್ಲೂ ಒಂದು ಬೋರ್ಡು ಹಾಕುವ ಆಸೆಯಾಯಿತು: ‘ಇಲ್ಲಿ ಕನ್ನಡಕ ಮಾಡಿಕೊಡಲಾಗುವುದು, ಆದರೆ ಕಣ್ಣು ಕಾಣಿಸಬೇಕೆಂಬ ಅಂಶಕ್ಕೆ ಅಂಗಡಿ ಬದ್ಧವಲ್ಲ.’

ತಿಂಗಳುಗಳು ಕಳೆದವು. ಕೊನೆಗೆ ನನ್ನ ತಮ್ಮನನ್ನು ಬಿಡಿಸಿದ್ದು ಮೀಸೆಯ ಅಕ್ಕ. ಗುಡ್ಡದ ಕೆಳಗಿನ ಊರುಗಳಿಗೆ ತರಕಾರಿ ಸಾಗಿಸುವ ಹೆಂಗಸು, ಲಾರಿ ತಾನೇ ಓಡಿಸುತ್ತಾಳೆ. ತನ್ನ ತಮ್ಮ ಯಾರನ್ನೋ ಕೂಡಿಹಾಕಿದ್ದಾನೆಂದು ಸಂತೆಯಲ್ಲಿ ಕಿವಿಗೆ ಬಿದ್ದದ್ದೇ ತಡ, ಇಳಿಸಬೇಕಾದ ಈರುಳ್ಳಿಯನ್ನೂ ಇಳಿಸದೆ ಸೀದಾ ಗುಡ್ಡ ಹತ್ತಿ ಬಂದಳಂತೆ. “ಅವನಿಗೂ ಮನೇಲಿ ಅಕ್ಕನೋ ತಂಗಿನೋ ಇರ್ತಾಳಲ್ಲೋ! ಅವಳ ಗಂಟಲಲ್ಲಿ ತುತ್ತು ಇಳೀತಿದೆಯಾ ಅಂತ ಯೋಚನೆ ಮಾಡಿದ್ಯಾ?” ಎಂದು ಎಲ್ಲರೆದುರೇ ತಮ್ಮನನ್ನು ತರಾಟೆಗೆ ತೆಗೆದುಕೊಂಡಳು. “ಅಕ್ಕಾ, ಇದು ರಾಜಕೀಯ, ನಿಂಗೆ ಗೊತ್ತಾಗಲ್ಲ” ಎಂದ ಮೀಸೆ. “ನಂಗೆ ಗೊತ್ತಾಗೋದೂ ಬೇಡ” ಎಂದವಳೇ ಒಳಗೆ ಹೋಗಿ ಶೂ ಹುಡುಕಿ ತಂದು ನನ್ನ ತಮ್ಮನ ಮುಂದೆ ಹಾಕಿ, “ಹತ್ತಪ್ಪ ಲಾರಿ” ಎಂದಳು. ಬಂದೂಕು ಹಿಡಿದ ಅಷ್ಟು ಜನರಲ್ಲಿ ಒಬ್ಬನೂ ಅಡ್ಡ ಬರಲಿಲ್ಲ. ಆಕೆ ಯಾವ ಒಡಂಬಡಿಕೆಗೂ ಸಹಿ ಹಾಕಿದವಳಲ್ಲ, ಹೀಗಾಗಿ ಷರತ್ತು ಹಾಕಲು ಆಕೆಗೆ ಅವಕಾಶವೇ ಸಿಕ್ಕಿರಲಿಲ್ಲ.

ಗಡಿಯಲ್ಲಿ ಆಕೆ ಲಾರಿ ನಿಲ್ಲಿಸಿದ್ದು ತನ್ನ ದೇಶದ ಕಡೆಯೇ. ಆದರೆ ತಿಂಗಳುಗಟ್ಟಲೆ ಕೂತಲ್ಲೇ ಕೂತಿದ್ದ ನನ್ನ ತಮ್ಮನಿಗೆ ನೆಟ್ಟಗೆ ನಡೆಯಲು ಬರುತ್ತಿರಲಿಲ್ಲ. ರಟ್ಟೆ ಹಿಡಿದು ನಡೆಸಿಕೊಂಡು ಬಂದವಳು, ನೆಲದ ಮೇಲಿನ ಬಿಳಿ ಗೆರೆಯನ್ನು ಅವನ ಜೊತೆ ದಾಟಿಬಿಟ್ಟಳು. ನಮ್ಮ ಕಾವಲಿನವರು ನನ್ನ ತಮ್ಮನಿಗೆ ಸಲ್ಯೂಟ್ ಹೊಡೆದರು, ಆಕೆಯನ್ನು ಹಿಡಿದುಕೊಂಡರು. “ಅಕ್ಕಾ, ಬಂದೆ” ಎಂದು ಅವನು ಫೋನ್ ಮಾಡಿದಾಗ ನಾನು ಕಣ್ಣು ಪರೀಕ್ಷೆಗೆ ಬಂದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಓಡಿದೆ. ಪಾಪ, ಆತ ಅಕ್ಷರ ಓದುತ್ತಲೇ ಇದ್ದನಂತೆ.

ಸಂಜೆಯ ವಾರ್ತೆಯಲ್ಲಿ ತಾವು ಇದನ್ನು ‘ಒಡಂಬಡಿಕೆಯ ಮೊದಲ ಗೆಲುವು’ ಎಂದು ಬಣ್ಣಿಸಿದಿರಿ. ನಾನು ಅದಕ್ಕೂ ಚಪ್ಪಾಳೆ ತಟ್ಟುತ್ತಿದ್ದೆ. ಆದರೆ ಬೆನ್ನಿಗೇ, ಮೀಸೆ ಬಂದು ಶರಣಾದ ಕೂಡಲೇ ಅವನ ಅಕ್ಕನನ್ನು ಕಳಿಸಿಕೊಡಲಾಗುವುದು ಎಂದೂ ತಾವು ಹೇಳಿದ್ದು ಕೇಳಿ ನನ್ನ ಕೈ ಅಲ್ಲೇ ನಿಂತಿತು. ಇದು ಮೀಸೆ ಮಾಡಿದ ಕೆಲಸವೇ ಅಲ್ಲವೇ ಎಂದು ತಮ್ಮನ್ನೇ ಬಂದು ಕೇಳಿದೆ. “ಛೆ ಛೆ, ಅವರು ಒತ್ತೆಯಾಳಲ್ಲ ಮೇಡಂ, ಅತಿಥಿ” ಎಂದಿರಿ. ಅತಿಥಿ ಹೊರಡುತ್ತೇನೆ ಎಂದರೆ ಏನು ಮಾಡುತ್ತೀರಿ ಎಂದದ್ದಕ್ಕೆ ತಾವು ಕನ್ನಡಕ ಒರೆಸಿಕೊಂಡಿರಿ.

ಆ ಅತಿಥಿಯನ್ನು ನೋಡಲು ನಾನೂ ನನ್ನ ತಮ್ಮನೂ ಹೋಗಿದ್ದೆವು. ಚೆಕ್‌ಪೋಸ್ಟಿನ ಹಿಂದಿನ ಕೊಠಡಿ, ಒಂದು ಮಂಚ, ಒಂದು ಫ್ಯಾನು, ಹೊರಗಿನಿಂದ ಚಿಲಕ. ಆಕೆ ನಮ್ಮನ್ನು ಕಂಡು ಎದ್ದು ನಿಂತು, ಮೊದಲು ಕೇಳಿದ್ದು “ಕಾಲು ಈಗ ಹೇಗಿದೆಯಪ್ಪ?” ಎಂದು. ಆಮೇಲೆ ಲಾರಿಯಲ್ಲಿ ಕೊಳೆತುಹೋಗಿರುವ ಈರುಳ್ಳಿಯ ಬಗ್ಗೆ ಪೇಚಾಡಿದಳು. ಕಾವಲಿನವನು ರೂಢಿಯಂತೆ ಹೊರಗಿನಿಂದ ಚಿಲಕ ಹಾಕಿದ ಸದ್ದಿಗೆ ನನ್ನ ತಮ್ಮ ಬಾಗಿಲಿಗೆ ಓಡಿದ. ಬಾಗಿಲು ಬಡಿದು ತೆಗೆಸಿಕೊಂಡು ಹೊರಗೆ ಹೋಗಿ ಗೋಡೆಗೆ ಒರಗಿ ಕೂತ. ವಾಪಸು ಬರುವಾಗ ಬಸ್ಸಿನಲ್ಲಿ ಅವನು ಆಡಿದ್ದು ಒಂದೇ ಮಾತು: “ಮೀಸೆನೂ ಹೀಗೇ ಹೇಳ್ತಿದ್ದ ಅಕ್ಕಾ. ಅವರನ್ನ ಬಿಟ್ಟ ಕೂಡ್ಲೇ ನಿನ್ನನ್ನ ಬಿಡ್ತೀವಿ ಅಂತ.”

ಆದ್ದರಿಂದ ನನ್ನ ವಿನಮ್ರ ಬೇಡಿಕೆ ಇಷ್ಟೇ. ಆ ಹೆಂಗಸನ್ನು ಆಕೆಯ ಲಾರಿಯ ತನಕ ಮರ್ಯಾದೆಯಿಂದ ಬಿಟ್ಟುಬನ್ನಿ. ಯಾರನ್ನಾದರೂ ಇಟ್ಟುಕೊಳ್ಳದೆ ಇಲಾಖೆಗೆ ನಿದ್ದೆ ಬಾರದೆಂದಾದರೆ ಆ ಮಂಚಕ್ಕೆ ನಾನು ಬರುತ್ತೇನೆ. ನಾನೂ ಒಬ್ಬ ತಮ್ಮನ ಅಕ್ಕನೇ, ಅರ್ಹತೆಯಲ್ಲಿ ಕೊರತೆಯಿಲ್ಲ. ಕಣ್ಣಿನ ಚಾರ್ಟನ್ನೂ ಜೊತೆಗೇ ತಂದು ಗೋಡೆಗೆ ತೂಗುಹಾಕಿ, ಬಂದುಹೋಗುವ ಅಧಿಕಾರಿಗಳಿಗೆಲ್ಲ ಕೊನೆಯ ಸಾಲಿನ ಸಣ್ಣಕ್ಷರ ಓದುವ ಅಭ್ಯಾಸ ಮಾಡಿಸುತ್ತೇನೆ. ಅದೂ ಆಗದಿದ್ದರೆ ಆ ಚಿಲಕಕ್ಕಾದರೂ ಒಳ್ಳೆಯ ಹೆಸರೊಂದನ್ನು ಹುಡುಕಿಕೊಡಿ. ಅತಿಥಿಯ ಬಾಗಿಲಿಗೆ ಹೊರಗಿನಿಂದ ಹಾಕುವ ವಸ್ತುವಿಗೆ ನಮ್ಮ ಭಾಷೆಯಲ್ಲಿ ಇನ್ನೂ ಪದವಿಲ್ಲ, ಆ ಕೆಲಸ ತಮ್ಮ ವಿಭಾಗದಿಂದಲೇ ಆಗಬೇಕು.

ಇತಿ, ‘ವಿಶ್ವಾಸ’ ಎಂಬ ಪದಕ್ಕೆ ನನಗೆ ಬೇಕಾದ ಅರ್ಥ ಹೇಳಿಕೊಳ್ಳುವ ಹಕ್ಕನ್ನು ಉಳಿಸಿಕೊಂಡು,

ತಮ್ಮ ವಿಶ್ವಾಸಿ,
ಎದುರು ರಸ್ತೆಯ ಕನ್ನಡಕದಂಗಡಿಯವಳು

ಮರೆತ ಮಾತು: ಸಂಪಾದಕರು ಈ ಪತ್ರವನ್ನು ಅಚ್ಚು ಹಾಕಲು ಹೆದರಿ ಬಹಳ ಕಾಲ ಇಟ್ಟುಕೊಂಡದ್ದರಿಂದ ಈ ನಡುವೆ ಆದದ್ದನ್ನೂ ತಿಳಿಸಬೇಕಾಗಿದೆ. ಅಕ್ಕ ಅಲ್ಲಿ ಕೂತಿರುವುದನ್ನು ಸಹಿಸಲಾರದೆ ಮೀಸೆ ಕೈ ಮೇಲೆತ್ತಿಕೊಂಡು ಬಂದು ಶರಣಾದ. ತಾವು ಆಕೆಯನ್ನು ಬಿಟ್ಟಿರಿ. ಆಕೆ ಹೊರಗೆ ಬಂದವಳೇ ಎಲ್ಲರೆದುರು ಅವನ ಕೆನ್ನೆಗೊಂದು ಬಾರಿಸಿ, ಆಮೇಲೆ ಅವನನ್ನೇ ತಬ್ಬಿಕೊಂಡು ಅತ್ತಳು. ವಿಚಾರಣೆಯ ದಿನ ನನ್ನ ತಮ್ಮ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಸಾಕ್ಷಿ ಹೇಳಲು ಬಂದಿದ್ದ. ಗಡಿಯಾಚೆ ನಡೆದ ಅಪಹರಣಕ್ಕೆ ಇಲ್ಲಿನ ಮಾಮೂಲಿ ಕಾನೂನು ನಡೆಯುವುದಿಲ್ಲ, ಒಡಂಬಡಿಕೆಯ ಕಾನೂನು ಮಾತ್ರ ನಡೆಯುತ್ತದೆ ಎಂದು ಸರ್ಕಾರಿ ವಕೀಲರೇ ಹೇಳಿದರು. ಆಗ ಮೀಸೆಯ ವಕೀಲರು ಎದ್ದು ನಿಂತು ತಾವು ಹಾಕಿದ ಎರಡನೆಯ ಷರತ್ತನ್ನು ಏರುದನಿಯಲ್ಲಿ ಓದಿ, ಒತ್ತೆಯಾಳೇ ಇಲ್ಲದ ಮೇಲೆ ಹಿಡಿದಿಟ್ಟವನೆಲ್ಲಿಂದ ಬಂದ ಎಂದು ಕೇಳಿದರು. ನ್ಯಾಯಾಧೀಶರು ಅದನ್ನು ಎರಡು ಸಲ ಓದಿಸಿ ಕೇಳಿ, ಬೇರೆ ದಾರಿಯಿಲ್ಲದೆ ಅವನನ್ನು ಬಿಟ್ಟುಬಿಟ್ಟರು. ನನ್ನ ತಮ್ಮ ಬಾಯಿ ತೆರೆಯುವ ಪ್ರಸಂಗವೇ ಬರಲಿಲ್ಲ.

ತಮ್ಮ ಷರತ್ತನ್ನು ನಾನು ಇಷ್ಟು ದಿನ ನಿಷ್ಪ್ರಯೋಜಕವೆಂದು ದೂರುತ್ತಿದ್ದುದಕ್ಕೆ ಕ್ಷಮೆಯಿರಲಿ. ಅದರಿಂದಲೂ ಒಬ್ಬನಿಗೆ ಬಿಡುಗಡೆಯಾಯಿತು.