ಗಸಗಸೆಯ ದಾಯಾದಿ

ಮೂವತ್ತೊಂದು ವರ್ಷ ಸಸ್ಯಶಾಸ್ತ್ರ ಬೋಧಿಸಿ ನಿವೃತ್ತರಾದ ಎರ್ನಜರ್ ಮೇಷ್ಟ್ರಿಗೆ ಒಂದೇ ಕೊರಗು. ಉರ್ಗುತ್ ಬೆಟ್ಟದ ಬುಡದ ಆ ಊರಿನಲ್ಲಿ ಗಿಡಕ್ಕೆ ಹುಳು ಹತ್ತಿದರೆ ಜನ ಅವರನ್ನು ಬಿಟ್ಟು ಅವರ ಹೆಂಡತಿ ಓಯ್ನಿಸಾಳನ್ನು ಕೇಳುತ್ತಿದ್ದರು. (ಆಕೆ ಓದಿದ್ದು ಎಂಟನೇ ಕ್ಲಾಸು!)

ಹೀಗಿರುವಾಗ ಮೊಹಲ್ಲಾದ ಹಿರಿಯರು, ಬರುವ ವಸಂತದಲ್ಲಿ ಅತ್ಯುತ್ತಮ ಕೈತೋಟಕ್ಕೆ ಬಹುಮಾನ ಎಂದು ಸಾರಿದರು. ಮೇಷ್ಟ್ರು ಅಂದೇ ಘೋಷಿಸಿದರು:

"ನಮ್ಮ ಅಂಗಳದಲ್ಲಿ ಕಿಜ್ಗಾಲ್ದೋಕ್ ಬೆಳೆಸ್ತೀನಿ."

"ಆ ಕೆಂಪು ಗಸಗಸೆನಾ? ಗುಡ್ಡದ ತುಂಬ ಕುರಿ ತುಳ್ಕೊಂಡು ಓಡಾಡುತ್ವಲ್ರೀ ಅದನ್ನ!"

"ಗಸಗಸೆ ಅಲ್ಲ ಕಣೇ, ಗಸಗಸೆಯ ದಾಯಾದಿ! ತಾನಾಗಿ ಬೆಳೆದರೆ ಕಳೆ, ಶಾಸ್ತ್ರೋಕ್ತವಾಗಿ ಬೆಳೆಸಿದರೆ ಕಲೆ."

ಗುಡ್ಡದಿಂದ ತಂದಿಟ್ಟಿದ್ದ ಬೀಜವನ್ನು ಚಳಿಗೆ ಮುಂಚೆ ಬಿತ್ತಿದರು. ಬೇಲಿ ಕಟ್ಟಿದರು. ಮಾರ್ಚಿಯಲ್ಲಿ ಮೊಳಕೆ ಬಂದದ್ದೇ ತಡ, ದಿನಾ ಬೆಳಿಗ್ಗೆ ಮಂಡಿಯೂರಿ ಕಳೆ ಕೀಳತೊಡಗಿದರು.

ಓಯ್ನಿಸಾ ತಂದೂರಿನ ಹತ್ತಿರದಿಂದ ಓಡಿ ಬಂದಳು. "ರೀ, ನೀವು ಕೀಳ್ತಿರೋದು..."

"ಬಾಯ್ಮುಚ್ಚು! ಇದು ಸಬ್ಬಸಿಗೆ ಥರ ಬಡಕಲು ಎಲೆಯ ಭಿಕಾರಿ ಕಳೆ. ಇಲ್ನೋಡು, ಈ ಅಗಲವಾದ ಎಲೆ, ಏನು ಗಾಂಭೀರ್ಯ!"

ಆಕೆ ರೊಟ್ಟಿ ಸೀಯುತ್ತದೆಂದು ವಾಪಸು ಹೋದಳು.

ಮೇ ತಿಂಗಳು. ಗುಡ್ಡವೆಲ್ಲ ಕೆಂಪು ಜಮಖಾನ ಹೊದ್ದಿತ್ತು. ಮೇಷ್ಟ್ರ ಪಾತಿಯಲ್ಲಿ ಮಾತ್ರ ಬಿಳಿ ಹೂ. ಬಿಸಿಲು ಏರಿದರೆ ಕೆಂಪಾಗಬಹುದೆಂದು ಅವರು ಕಾದೇ ಕಾದರು. ಅಷ್ಟರಲ್ಲಿ ತೀರ್ಪುಗಾರರು ಬಂದೇಬಿಟ್ಟರು. ಮುಂದಾಳು ಹೋಲ್ಬುತಾ, ಸಸ್ಯಶಾಸ್ತ್ರದಲ್ಲಿ ಮೇಷ್ಟ್ರು ಎರಡು ಸಲ ಫೇಲ್ ಮಾಡಿದ್ದ ಹಳೇ ಶಿಷ್ಯ.

"ಕಿಜ್ಗಾಲ್ದೋಕ್," ಎಂದರು ಮೇಷ್ಟ್ರು, ಸ್ವಲ್ಪ ಮೆಲ್ಲಗೆ.

ಹೋಲ್ಬುತಾ ಬಗ್ಗಿ ಒಂದನ್ನು ಕಿತ್ತ. ಬುಡದಲ್ಲಿ ದಪ್ಪ ಬಿಳಿ ಗಡ್ಡೆ. ಒರೆಸಿ, ಕಚ್ಚಿ, ಅಗಿದ.

"ಮೂಲಂಗಿ, ಮೇಷ್ಟ್ರೇ. ನಾರು ಬಂದಿದೆ."

ಹೋದ ವರ್ಷ ಅದೇ ಜಾಗದಲ್ಲಿದ್ದ ಓಯ್ನಿಸಾಳ ಮೂಲಂಗಿಯಿಂದ ಉದುರಿದ ಬೀಜ! ಅಸಲಿ ದಾಯಾದಿಗಳನ್ನೆಲ್ಲ ಮೇಷ್ಟ್ರು ಸ್ವಹಸ್ತದಿಂದ ಕಿತ್ತು ಮೇಕೆಗೆ ಹಾಕಿದ್ದರು.

"ನಿನಗೆ ಮೊದಲೇ ಗೊತ್ತಿತ್ತೇನೇ?" ಎಂದು ಹಲ್ಲು ಕಡಿಯುತ್ತ ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದರು.

"ಗೊತ್ತಿತ್ತು. ಬಾಯ್ಮುಚ್ಚು ಅಂದ್ರಿ, ಮುಚ್ಚಿದೆ."

ತೀರ್ಪುಗಾರರು ಹಿತ್ತಲಿಗೆ ನಡೆದರು. ಅಲ್ಲಿ ಓಯ್ನಿಸಾಳ ಈರುಳ್ಳಿ, ಕೊತ್ತಂಬರಿ, ಗುಲಾಬಿ ನಳನಳಿಸುತ್ತಿದ್ದವು. ಬಹುಮಾನದ ರೇಷ್ಮೆ ಚಾಪಾನ್ ನಿಲುವಂಗಿಯನ್ನು ಅಲ್ಲೇ ಆಕೆಯ ಹೆಗಲಿಗೆ ಹೊದಿಸಿದರು.

"ಇಷ್ಟೆಲ್ಲ ಎಲ್ಲಿ ಕಲಿತಿರಿ, ಅಕ್ಕಾ?" ಎಂದ ಹೋಲ್ಬುತಾ.

"ಎಲ್ಲಾ ನಮ್ಮ ಯಜಮಾನ್ರಿಂದಲೇ," ಎಂದಳು ಓಯ್ನಿಸಾ.

ಮೇಷ್ಟ್ರ ಎದೆ ಉಬ್ಬಿತು. ಟೋಪಿ ಸರಿಮಾಡಿಕೊಂಡು ಮುಂದೆ ಬಂದು ನಿಂತರು.

"ಅವರು ತೋಟದಲ್ಲಿ ಏನೇನು ಮಾಡ್ತಾರೆ ಅಂತ ದಿನಾ ನೋಡ್ತೀನಿ," ಎಂದಳು ಆಕೆ. "ಅದೊಂದನ್ನೂ ಮಾಡೋದಿಲ್ಲ."