ಅಜ್ಜಿಯ ಎಡಗಾಲಿನ ಚಪ್ಪಲಿ ಮತ್ತು ತಮ್ಮ ಬೇಟೆಯ ಲೈಸೆನ್ಸು

ಮಾನ್ಯ ನರಿಯವರೇ,

ಲಂಡನ್ನಿನ ರೇನರ್ಸ್ ಲೇನ್ ರೈಲು ನಿಲ್ದಾಣದಿಂದ ಏಳು ನಿಮಿಷ ನಡೆದರೆ ಸಿಗುವ ನಮ್ಮ ಬೀದಿಯ ಹಿರಿಯ ನಿವಾಸಿಗಳೂ, ಒಂದು ಪೌಂಡು ಕೌನ್ಸಿಲ್ ಟ್ಯಾಕ್ಸ್ ಎಂಬ ಮನೆಕಂದಾಯ ಕಟ್ಟದೆ ಅಷ್ಟೂ ಹಿತ್ತಿಲುಗಳ ಮೇಲೆ ಹಕ್ಕು ಪಡೆದವರೂ, ಬಾಲದ ತುದಿಯಲ್ಲಿ ಬಿಳಿ ಕುಚ್ಚು ಧರಿಸಿ ಓಡಾಡುವವರೂ ಆದ ತಮ್ಮ ಸನ್ನಿಧಿಗೆ ಹದಿನಾರನೇ ನಂಬರ್ ಮನೆಯ ಗಾರ್ಗಿ ಮಾಡುವ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರಿ ಎಂಬುದು ನಮ್ಮ ಕಸದ ಚೀಲ ನೋಡಿದರೆ ಗೊತ್ತಾಗುತ್ತದೆ. ಇಲ್ಲಿ ನಾವೂ ಕ್ಷೇಮ, ಒಂದು ಕಾಲನ್ನು ಬಿಟ್ಟು.

ಮೊದಲೇ ಹೇಳಿಬಿಡುತ್ತೇನೆ, ನಾನು ತಮ್ಮ ಅಭಿಮಾನಿ. ಬೀದಿಯ ಚಾಟ್ ಗ್ರೂಪಿನಲ್ಲಿ ತಮ್ಮ ಹೆಸರಿನ ಥ್ರೆಡ್, ಅಂದರೆ ತಮ್ಮೊಬ್ಬರದೇ ಚರ್ಚೆಯ ಸರಪಳಿ, ಶುರು ಮಾಡಿದವಳೇ ನಾನು. 'ಯಾರಾದರೂ ಕೌನ್ಸಿಲ್‌ಗೆ ಫೋನ್ ಮಾಡಿ' ಎಂದು ಬರೆದವರಿಗೆಲ್ಲ ತಮ್ಮ ಪರವಾಗಿ ಮಾರುದ್ದದ ಉತ್ತರ ಕೊಟ್ಟು, ಇಬ್ಬರಿಂದ ಬ್ಲಾಕ್ ಆಗಿದ್ದೇನೆ. ಬೆಳಿಗ್ಗೆ ಎದ್ದು ನರಿಯ ಮುಖ ನೋಡಿದರೆ ಅದೃಷ್ಟ ಎಂದು ನಮ್ಮವರು ಹೇಳುತ್ತಾರಲ್ಲ, ಅದನ್ನು ನಂಬಿ ಎರಡು ಪರೀಕ್ಷೆಗಳ ದಿನ ತಮಗಾಗಿ ಅಡುಗೆಮನೆಯ ಕಿಟಕಿಯಲ್ಲಿ ಕಾದಿದ್ದೇನೆ. ಒಂದರಲ್ಲಿ ಪಾಸಾದೆ. ಇನ್ನೊಂದು ದಿನ ತಾವು ಬೆನ್ನು ತೋರಿಸಿ ಹೋದಿರಿ.

ಪತ್ರ ಕನ್ನಡದಲ್ಲಿ ಯಾಕೆ ಎಂದು ತಾವು ಕೇಳಬಹುದು. ಪಕ್ಕದ ಮನೆಯವರು ಇಂಗ್ಲಿಷಿನಲ್ಲಿ ಎಷ್ಟು ಕೂಗಿದರೂ ತಾವು ತಿರುಗಿ ನೋಡುವುದಿಲ್ಲ. ನಮ್ಮ ಅಜ್ಜಿ ಹಿತ್ತಿಲ ಬಾಗಿಲಲ್ಲಿ ನಿಂತು ಮೆಲ್ಲಗೆ 'ಏ ಖೋಡಿ, ಸರಿ ಆ ಕಡೆ' ಎಂದರೆ ಕಿವಿ ನಿಮಿರಿಸಿ, ಎರಡು ಹೆಜ್ಜೆ ಸರಿದು, ಗೌರವದಿಂದ ಕೂರುತ್ತೀರಿ. ಈ ಮನೆಯಲ್ಲಿ ಹುಟ್ಟಿ ಬೆಳೆದ ನನ್ನ ತಮ್ಮನಿಗೂ ಅಷ್ಟು ಕನ್ನಡ ಅರ್ಥವಾಗುವುದಿಲ್ಲ.

ಈಗ ಅಹವಾಲಿಗೆ ಬರುತ್ತೇನೆ. ಅಜ್ಜಿಯ ಹೆಸರು ವಿಜಯಾ, ಊರು ಧಾರವಾಡ. ಚಿಕ್ಕಮ್ಮ ಸಿರಿಶಾಳ ಬಾಣಂತನ ಮಾಡಲೆಂದು ಜನವರಿಯಲ್ಲಿ ಬಂದವಳು, ಜುಲೈ ಹತ್ತಕ್ಕೆ ವಾಪಸ್ ಹೊರಡುವವಳು. ಅವಳ ಎಡಗಾಲು ಬಲಗಾಲಿಗಿಂತ ಒಂದೂವರೆ ಇಂಚು ಗಿಡ್ಡ. ಆ ಒಂದೂವರೆ ಇಂಚನ್ನು ಅಟ್ಟೆಯಲ್ಲಿ ತುಂಬಿಸಿ, ಅವಳ ಪಾದದ ಅಳತೆಗೇ ಧಾರವಾಡದ ಒಬ್ಬರು ಹೊಲಿದುಕೊಟ್ಟ ಚಪ್ಪಲಿ ಹಾಕಿಕೊಂಡು ಅವಳು ದಿನಾ ಬೆಳಿಗ್ಗೆ ನಿಲ್ದಾಣದ ಎದುರಿನ ಬೆಂಚಿನವರೆಗೆ ನಡೆಯುತ್ತಿದ್ದಳು. ಅಲ್ಲಿ ಮೈಸೂರಿನ ಉಷಾ ಅಜ್ಜಿ ಕಾದಿರುತ್ತಾರೆ. ಇಬ್ಬರೂ ಸೇರಿ ಜೋಳದ ರೊಟ್ಟಿ ಮೇಲೋ ರಾಗಿಮುದ್ದೆ ಮೇಲೋ ಎಂದು ಮುಕ್ಕಾಲು ಗಂಟೆ ಜಗಳವಾಡಿ, ಯಾರೂ ಸೋಲದೆ ಮನೆಗೆ ಮರಳುತ್ತಾರೆ. ಇಡೀ ಲಂಡನ್ನಿನಲ್ಲಿ ಅಜ್ಜಿ ನೋಡಬೇಕು ಎಂದು ಕೇಳಿದ ಜಾಗ ಆ ಬೆಂಚು ಒಂದೇ.

ಏಪ್ರಿಲ್ ಮೊದಲ ಭಾನುವಾರ ರಾಮನವಮಿ. ನಮ್ಮಲ್ಲಿ ಪಾನಕ, ಕೋಸಂಬರಿ, ಭಜನೆ. ವೆಂಬ್ಲಿ, ಕೊಲಿಂಡೇಲ್ ಕಡೆಯಿಂದ ಒಂಬತ್ತು ಕುಟುಂಬಗಳು ಬಂದಿದ್ದವು. ಪೂಜೆಯ ಮನೆಯೊಳಗೆ ಚರ್ಮ ತರಬಾರದೆಂಬುದು ನಮ್ಮ ಪದ್ಧತಿಯಾದ್ದರಿಂದ ಮೂವತ್ತೊಂದು ಜೊತೆ ಪಾದರಕ್ಷೆಗಳನ್ನು ಮುಂಬಾಗಿಲ ಹೊರಗೆ, ತಮ್ಮ ಅನುಕೂಲಕ್ಕೆಂದೇ ಹರಡಿದಂತೆ ಇಡಲಾಗಿತ್ತು. ಮಾಮೂಲಿ ದಿನ ಅಜ್ಜಿಯ ಚಪ್ಪಲಿಯನ್ನು ಒಳಗೆ ಪೇಪರಿನ ಮೇಲೆ ಬಿಡುತ್ತಿದ್ದೆವು, ಅವತ್ತು ಅದೂ ಹೊರಗೆ ಹೋಯಿತು. ಮಂಗಳಾರತಿ ಮುಗಿದು ಬಾಗಿಲು ತೆಗೆದಾಗ ಏಳು ಜೊತೆಗಳಲ್ಲಿ ಒಂದೊಂದು ಮಾತ್ರ ಉಳಿದಿತ್ತು. ಎಲ್ಲರೂ ಬಗ್ಗಿ ಪೊದೆ ಪೊದೆ ಹುಡುಕಿದರು. ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರಾಗಿರುವ ವೇಣುಗೋಪಾಲ ಅಂಕಲ್ ಬಲಗಾಲಿಗೆ ತಮ್ಮ ಕರಿ ಬೂಟು, ಎಡಗಾಲಿಗೆ ನಮ್ಮ ಬಚ್ಚಲಿನ ನೀಲಿ ಚಪ್ಪಲಿ ಹಾಕಿಕೊಂಡು ಟ್ಯೂಬ್ ರೈಲು ಹತ್ತಿ ಕೊಲಿಂಡೇಲಿಗೆ ಹೋದರು. 'ಯಾರೂ ನೋಡಲ್ಲ ಬಿಡಿ, ಇದು ಲಂಡನ್ನು' ಎಂದು ಅವರೇ ನಮಗೆ ಸಮಾಧಾನ ಹೇಳಿದರು. ಉಳಿದವರೂ ಹೊಸದನ್ನು ಕೊಂಡರು. ಅಜ್ಜಿಯದು ಕೊಳ್ಳಲು ಸಿಗುವಂಥದ್ದಲ್ಲ. ಅಳತೆ ಕೊಟ್ಟರೆ ಮಾಡಿಕೊಡಲು ಹತ್ತು ವಾರ ಎಂದರು ಇಲ್ಲಿಯ ಅಂಗಡಿಯವರು. ಇವತ್ತಿಗೆ ಇಪ್ಪತ್ತಾರು ದಿನ, ಅಜ್ಜಿ ಹೊಸ್ತಿಲು ದಾಟಿಲ್ಲ. ಹಿತ್ತಿಲ ಕಡೆಯ ಕಿಟಕಿಯ ಪಕ್ಕ ಕೂತು ಚಿಕ್ಕಮ್ಮನ ಕೂಸಿಗೆ ಎಣ್ಣೆ ತಿಕ್ಕುತ್ತಾಳೆ. 'ಕಾಲಿಗೆ ಸೂಟಿ ಸಿಕ್ಕೈತಿ' ಎಂದು ರಜೆ ಸಿಕ್ಕ ಮಗುವಿನಂತೆ ನಗುತ್ತಾಳೆ. ಆ ನಗು ನನಗೆ ಸರಿಹೋಗುತ್ತಿಲ್ಲ.

ಬೈಯಬೇಕೆಂದು ನಾನು ಬರೆಯಲು ಕೂರಲಿಲ್ಲ. ತಮ್ಮಂಥ ಕಲಾವಿದರನ್ನು ಬೈಯುವ ಬದಲು ಬೇಟೆಯ ಕಾನೂನನ್ನೇ ಓದೋಣವೆಂದು ಮೂರು ವಾರ ಇಂಟರ್ನೆಟ್ಟಿನ ಶಿಕಾರಿಯವರ ಥ್ರೆಡ್‌ಗಳಲ್ಲಿ ಮುಳುಗಿದ್ದೆ. ಎಷ್ಟು ಶಿಸ್ತು ಅಂತೀರಿ! ಈ ದೇಶದಲ್ಲಿ ಫೆಸೆಂಟ್ ಕೋಳಿಯನ್ನು ಅಕ್ಟೋಬರ್ ಒಂದರಿಂದ ಫೆಬ್ರವರಿ ಒಂದರವರೆಗೆ ಮಾತ್ರ ಹೊಡೆಯಬಹುದು, ಆಮೇಲೆ ಅದು ಎದುರಿಗೆ ಬಂದು ನಿಂತರೂ ಸುಮ್ಮನಿರಬೇಕು. ಅಮೆರಿಕದ ಒಂದೊಂದು ರಾಜ್ಯವೂ ಯಾವ ಪ್ರಾಣಿಗೆ ಯಾವ ತಿಂಗಳು, ಯಾರಿಗೆ ಲೈಸೆನ್ಸು, ದಿನಕ್ಕೆ ಒಬ್ಬ ಎಷ್ಟು ಹೊಡೆಯಬಹುದು ಎಂದು ಪುಸ್ತಕವನ್ನೇ ಅಚ್ಚು ಹಾಕಿಸುತ್ತದೆ. ದಿನದ ಲೆಕ್ಕಕ್ಕೆ ಅವರು ಚೀಲದ ಮಿತಿ ಎನ್ನುತ್ತಾರೆ. ಮನೆಯಲ್ಲಿ ಒಟ್ಟು ಎಷ್ಟು ಇಟ್ಟುಕೊಳ್ಳಬಹುದು ಎಂಬುದಕ್ಕೆ ಇನ್ನೊಂದು ಮಿತಿ. ಬಹಳ ಕಡೆ ಬೇಟೆಗಾರ ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣದ ಬಟ್ಟೆ ತೊಟ್ಟಿರಲೇಬೇಕಂತೆ. ಆ ಒಂದು ನಿಯಮವನ್ನು ತಾವು ಹುಟ್ಟಿನಿಂದಲೇ ಪಾಲಿಸಿಕೊಂಡು ಬಂದಿರುವುದನ್ನು ಕಂಡು ನನ್ನ ಅಭಿಮಾನ ಇಮ್ಮಡಿಯಾಯಿತು.

ಆದ್ದರಿಂದ ಉಳಿದ ನಿಯಮಗಳನ್ನೂ ತಾವು ಒಪ್ಪಿಕೊಳ್ಳಬೇಕೆಂದು ವಿನಂತಿ. ದಯವಿಟ್ಟು ಲೈಸೆನ್ಸಿಗೆ ಅರ್ಜಿ ಹಾಕಿ. ವಿಳಾಸದ ದಾಖಲೆ ಕೇಳಿದರೆ ತಮ್ಮ ಥ್ರೆಡ್‌ನ ಸ್ಕ್ರೀನ್‌ಶಾಟ್ ನಾನು ಕಳಿಸುತ್ತೇನೆ. ಪಾದರಕ್ಷೆಯ ಸೀಸನ್ ನವೆಂಬರಿನಿಂದ ಜನವರಿಯವರೆಗೆ ಇರಲಿ, ಆಗ ನಮ್ಮ ಶೂಗಳೂ ಕೆಸರು ಮೆತ್ತಿಕೊಂಡು ಕೊಬ್ಬಿರುತ್ತವೆ. ಚೀಲದ ಮಿತಿ ದಿನಕ್ಕೆ ಒಂದು. ಸಾಧ್ಯವಾದರೆ ಜೊತೆಯಲ್ಲೇ ತೆಗೆದುಕೊಂಡು ಹೋಗಿ, ಒಂಟಿ ಉಳಿದದ್ದರ ದುಃಖ ನೋಡಲಾಗುವುದಿಲ್ಲ. ಕೂಸಿನ ಉಣ್ಣೆಯ ಕಾಲುಚೀಲಗಳು ಮರಿಗಳ ವರ್ಗಕ್ಕೆ ಸೇರುವುದರಿಂದ ಮುಟ್ಟುವಂತಿಲ್ಲ. ಅಪ್ಪ ಶಿವಪ್ರಕಾಶರ ಜಿಮ್ ಶೂಗಳಿಗೆ ಮಾತ್ರ ವರ್ಷವಿಡೀ ಓಪನ್ ಸೀಸನ್: ಕೊಂಡು ಎರಡು ವರ್ಷವಾದರೂ ಮನೆ ಬಿಟ್ಟು ಕದಲದ, ಜಾಗ ಮಾತ್ರ ತಿನ್ನುವ ಜಾತಿ ಅದು. ತಾವು ಅದನ್ನು ಒಂದು ಸಲ ಮೂಸಿ ಬಿಟ್ಟುಹೋದದ್ದನ್ನು ನಾನು ಕಿಟಕಿಯಿಂದ ನೋಡಿದ್ದೇನೆ, ಮತ್ತೊಮ್ಮೆ ಯೋಚಿಸಿ. ಅಜ್ಜಿಯ ಎಡಗಾಲಿನ ಚಪ್ಪಲಿಯಾದರೋ ಜಗತ್ತಿನಲ್ಲಿ ಉಳಿದಿರುವುದು ಒಂದೇ ಒಂದು. ಅಂಥದ್ದನ್ನು ಬೇಟೆಯಾಡಿದರೆ ಯಾವ ರಾಜ್ಯದಲ್ಲೂ ಲೈಸೆನ್ಸು ರದ್ದಾಗುತ್ತದೆ ಎಂದು ಥ್ರೆಡ್ಡಿನ ಹಿರಿಯರೆಲ್ಲ ಹೇಳುತ್ತಾರೆ.

ಓದುತ್ತಾ ಹೋದಾಗ ಒಂದು ವಿಷಯ ಸ್ವಲ್ಪ ಚುಚ್ಚಿತು, ಅದನ್ನೂ ತಿಳಿಸುತ್ತೇನೆ. ಫೆಸೆಂಟಿಗೆ ರಜೆ ಇದೆ, ಜಿಂಕೆಗೆ ರಜೆ ಇದೆ. ತಮಗೆ ಮಾತ್ರ ಈ ದೇಶದ ಪುಸ್ತಕದಲ್ಲಿ ಬಿಡುವಿನ ತಿಂಗಳೇ ಇಲ್ಲ. ಈ ಸಂಗತಿ ತಮಗೆ ಮೊದಲೇ ಗೊತ್ತಿದ್ದರೆ, ನನ್ನ ನಿಯಮಗಳನ್ನು ಓದಿ ತಾವು ನಕ್ಕಿರಬಹುದು.

ಇಷ್ಟು ಬರೆದ ಮೇಲೆ ಇನ್ನೊಂದನ್ನು ಮುಚ್ಚಿಟ್ಟರೆ ಅಭಿಮಾನಿ ಎನಿಸಿಕೊಳ್ಳಲು ನಾನು ಲಾಯಕ್ಕಲ್ಲ. ಅವತ್ತು ಚಪ್ಪಲಿ ಕಾಯುವ ಕೆಲಸ ನನ್ನದಾಗಿತ್ತು. ಅಮ್ಮ ಕೈಗೆ ಒಂದು ಲೋಟ ಪಾನಕ ಕೊಟ್ಟು, ಬಾಗಿಲ ಪಕ್ಕದ ಕಿಟಕಿಯಲ್ಲಿ ಕೂರಿಸಿದ್ದಳು. ತಾವು ಬಂದದ್ದನ್ನು ನಾನು ನೋಡಿದೆ. ಕಿಟಕಿ ಬಡಿದಿದ್ದರೆ ಸಾಕಿತ್ತು. ಆದರೆ ಸಂಜೆಯ ಬಿಸಿಲು ತಮ್ಮ ಬೆನ್ನ ಮೇಲೆ ಬಿದ್ದಿತ್ತು, ತಾವು ಅಷ್ಟು ಹತ್ತಿರ ಎಂದೂ ಬಂದಿರಲಿಲ್ಲ, ನಾನು ಫೋನ್ ಎತ್ತಿ ವಿಡಿಯೋ ಮಾಡಿದೆ. ನಲವತ್ತು ಸೆಕೆಂಡು. ಗ್ರೂಪಿಗೆ ಹಾಕಿದೆ, ಇನ್ನೂರ ಹನ್ನೆರಡು ಲೈಕ್ ಬಂತು. ಬರುವ ಒಂದೊಂದು ಕಾಮೆಂಟಿಗೂ ಅಲ್ಲೇ ಕೂತು ಉತ್ತರ ಬರೆಯುವಷ್ಟರಲ್ಲಿ ತಾವು ಉಳಿದ ಆರನ್ನೂ ಸಾಗಿಸಿದ್ದಿರಿ. ಮರುದಿನ ಝೂಮ್ ಮಾಡಿ ನೋಡಿದಾಗ ಗೊತ್ತಾಯಿತು, ತಮ್ಮ ಬಾಯಲ್ಲಿ ಇದ್ದದ್ದು ದಪ್ಪ ಅಟ್ಟೆಯ ಆ ಚಪ್ಪಲಿ. ವಿಡಿಯೋ ಅಳಿಸಿದೆ. ಅಜ್ಜಿಗೆ ಇನ್ನೂ ಹೇಳಿಲ್ಲ. ದಿನಾ ಅವಳು ನನ್ನನ್ನು 'ನನ್ನ ಕಣ್ಣು' ಎಂದು ಕರೆಯುತ್ತಾಳೆ, ದಿನಾ ನಾನು ಬೇರೆ ಕೋಣೆಗೆ ಹೋಗುತ್ತೇನೆ. ಆದುದರಿಂದ ಆ ಚಪ್ಪಲಿಯನ್ನು ಮೆಟ್ಟಿಲ ಮೇಲೆ ಇಟ್ಟುಹೋಗಬೇಕೆಂದು ತಮ್ಮಲ್ಲಿ ಬೇಡಿಕೊಳ್ಳುತ್ತಿರುವುದು ಅಜ್ಜಿಯ ಕಾಲಿಗಾಗಿ ಎಷ್ಟೋ, ನನ್ನ ಮುಖಕ್ಕಾಗಿಯೂ ಅಷ್ಟೇ.

ಉತ್ತರ ಬರೆಯಲು ಪುರುಸೊತ್ತಿಲ್ಲದಿದ್ದರೆ ಎಂದಿನಂತೆ ನೋಡಿಯೂ ನೋಡದಂತೆ ಹೋಗಿ, ಗ್ರೂಪಿನವರೆಲ್ಲ ಹಾಗೇ ಮಾಡುತ್ತಾರೆ.

ಇಂತು, ಇಷ್ಟಾದರೂ ತಮ್ಮ ಥ್ರೆಡ್ ಅಳಿಸದೆ ಉಳಿಸಿಕೊಂಡಿರುವ
ತಮ್ಮ ವಿಶ್ವಾಸಿ,
ಗಾರ್ಗಿ

ತಾ.ಕ.: ಪತ್ರ ಮಡಚುವ ಮುನ್ನ ಧೈರ್ಯ ಮಾಡಿ ಅಜ್ಜಿಗೆ ಓದಿ ಹೇಳಿದೆ, ಕಾಯುವ ಕೆಲಸದ ಭಾಗವನ್ನೂ ಬಿಡದೆ. ಅವಳು ಪೂರ್ತಿ ಕೇಳಿ, 'ಅಕ್ಷರ ಛಲೋ ಆಗ್ಯಾವ ನಿನ್ನವು' ಎಂದಳು. ಆಮೇಲೆ ನನ್ನ ಗದ್ದ ಹಿಡಿದು ಕಿಟಕಿಯ ಕಡೆ ತಿರುಗಿಸಿದಳು. ನಮ್ಮ ಹಿತ್ತಿಲ ಶೆಡ್ಡಿನ ಕೆಳಗೆ, ನಾವು ಯಾರೂ ಬಗ್ಗಿ ನೋಡದ ಜಾಗದಲ್ಲಿ, ನಾಲ್ಕು ಮರಿಗಳು ಆ ಚಪ್ಪಲಿಯ ಅಟ್ಟೆಗೆ ನಾಲ್ಕು ಕಡೆಯಿಂದ ಹಲ್ಲು ಹಚ್ಚಿದ್ದವು. ತಾವು ಪಕ್ಕದಲ್ಲಿ ಕಾಲು ಚಾಚಿ ಮಲಗಿದ್ದಿರಿ. ಮೇಲಿನ 'ಮಾನ್ಯ ನರಿಯವರೇ' ಎಂಬುದನ್ನು 'ತಾಯಿ' ಎಂದು ಓದಿಕೊಳ್ಳಬೇಕಾಗಿ ಕೋರುತ್ತೇನೆ.

ಅಜ್ಜಿಗೆ ಮೂರನೇ ದಿನವೇ ಗೊತ್ತಿತ್ತಂತೆ. ಹಾಲುಣಿಸುವ ಮೈ, ನಡಿಗೆ ನೋಡಿದರೆ ತಿಳಿಯುತ್ತದೆ, ಹನ್ನೊಂದು ಬಾಣಂತನ ಮಾಡಿದವಳು ನಾನು ಎಂದಳು. ಮತ್ತೆ ಯಾಕೆ ಹೇಳಲಿಲ್ಲ ಎಂದರೆ, 'ಹೇಳಿದ್ರ ನಿಮ್ಮಪ್ಪ ಬಡಿಗಿ ಹಿಡಕೊಂಡು ಹೋಗಾಂವ. ಬಾಣಂತಿ ಮನಿಗೆ ಹೋಗಿ ಸಾಮಾನು ವಾಪಸ್ ಕೇಳ್ತಾರೇನ್ ಹುಚ್ಚಿ? ಅದು ಈಗ ಚಪ್ಪಲಿ ಅಲ್ಲ, ಕೂಸುಗಳ ಗಿಲಕಿ.' ಹೀಗಾಗಿ ಈ ದೇಶ ಕೊಡದ ರಜೆಯನ್ನು ಧಾರವಾಡದ ವಿಜಯಾ ಅವರು ತಮಗೆ ಮಂಜೂರು ಮಾಡಿದ್ದಾರೆ: ಮರಿಗಳು ದೊಡ್ಡವಾಗುವವರೆಗೆ ನಮ್ಮ ಶೆಡ್ಡಿನ ಹತ್ತಿರ ಯಾರೂ ಸುಳಿಯುವಂತಿಲ್ಲ, ವಿಡಿಯೋ ಸಹ ಇಲ್ಲ. ನಾನು ಟೇಪು ಹಿಡಿದು ಅಳೆದೆ, ನನ್ನ ಬಿಳಿ ಪ್ಲಾಟ್‌ಫಾರ್ಮ್ ಶೂವಿನ ಅಟ್ಟೆ, ಒಳಗೆ ಒಂದು ಮಡಿಚಿದ ಪೇಪರು ಸೇರಿದರೆ, ಅಜ್ಜಿಯ ಬಲಗಾಲಿನ ಚಪ್ಪಲಿಗಿಂತ ಸರಿಯಾಗಿ ಒಂದೂವರೆ ಇಂಚು ಹೆಚ್ಚು. ಎಡಗಾಲಿಗೆ ಅದು, ಬಲಗಾಲಿಗೆ ಧಾರವಾಡದ್ದು. ನಾಳೆ ಬೆಳಿಗ್ಗೆ ಉಷಾ ಅಜ್ಜಿಗೆ ಬೆಂಚಿಗೆ ಬರಲು ಹೇಳಿದ್ದಾಗಿದೆ, ಮುದ್ದೆಗೆ ಇಪ್ಪತ್ತಾರು ದಿನದ ಬಾಕಿ ಉತ್ತರವಿದೆ.

ವೇಣುಗೋಪಾಲ ಅಂಕಲ್ ಮಾತ್ರ ನಮ್ಮ ಬಚ್ಚಲಿನ ಚಪ್ಪಲಿಯನ್ನು ಇನ್ನೂ ಹಿಂದಿರುಗಿಸಿಲ್ಲ. ತಾವಾದರೆ ಬಾಣಂತಿ. ಅವರು ಯಾವ ಲೈಸೆನ್ಸಿನ ಮೇಲೆ ಇಟ್ಟುಕೊಂಡಿದ್ದಾರೋ ತಿಳಿಯದು.